ಲಾರಿ ಎಂಜಿನ್‌ಗಳ ನಡುವೆ ನನ್ನ ಟರ್ಬೊ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ, ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಅಂಗಡಿ ಇದೆ. ಟ್ರ್ಯಾಕ್ಟರ್, ಲಾರಿ ಕೆಲಸವೇ ಜಾಸ್ತಿ. ಅಲ್ಲಿಗೆ ನನ್ನ ಹಳೇ ಸ್ಪೋರ್ಟ್ಸ್ ಕಾರಿನ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಬ್ಲಾಕ್ ಒಯ್ದಿದ್ದೆ. ತಪ್ಪು ನನ್ನದೇ. ಆಯಿಲ್ ಬದಲಿಸದೆ ಓಡಿಸಿದೆ, ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಜಾಲರಿಯಲ್ಲಿ ಕೆಸರು ಕಟ್ಟಿ ಆಯಿಲ್ ಮೇಲೇರಲಿಲ್ಲ. ಟರ್ಬೊ ಬೇರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಬೇರಿಂಗ್ ಎರಡೂ ಹೋದವು. ಒಂದು ಸಿಲಿಂಡರಿನಲ್ಲಿ ಆಳವಾದ ಗೀರು.

ಮೇಸ್ತ್ರಿ ಮೊದಲು ಕೇಳಿದ್ದೇ, "ಪಿಸ್ಟನ್ ಎಲ್ಲಿ ಅದಾವ್ರಿ? ಅವು ಬರೋತನಕ ಬೋರ್ ಹೊಡಿಯಂಗಿಲ್ಲ ನೋಡ್ರಿ." ಬೋರ್ ಹೊಡೆಯೋದು ಅಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡೋದು, ಅದನ್ನು ಪಿಸ್ಟನ್ ಅಳತೆ ನೋಡಿಯೇ ಮಾಡಬೇಕು. ಅಲ್ಲೇ ನಂಬಿಕೆ ಬಂತು. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ತರಿಸಿಕೊಟ್ಟೆ. ಒಂದೊಂದನ್ನೂ ಅಳೆದು, ಅದಕ್ಕೆ ತಕ್ಕಂತೆ 81 ಮಿಲಿಮೀಟರ್ ಬೋರನ್ನು 81.5ಕ್ಕೆ ತಂದರು. ಮೇ ತಿಂಗಳು ಬೇರೆ. ಬಿಸಿಗೆ ಕಬ್ಬಿಣ ಹಿಗ್ಗುತ್ತೆ ಅಂತ ಕೊನೆಯ ಅಳತೆ ಬೆಳಿಗ್ಗೆ 7ಕ್ಕೇ. ಆ ಹೊತ್ತಿಗೂ ನಮ್ಮೂರು ತಂಪಿರಲ್ಲ, ಬಿಡಿ! ಆಯಿಲ್ ನಿಲ್ಲಲಿ ಅಂತ ಸಿಲಿಂಡರಿನ ಒಳಗೋಡೆಗೆ ಉಜ್ಜುವ ಸಣ್ಣ ಹೋನಿಂಗ್ ಗೆರೆಗಳಂತೂ ಒಂದೇ ಸಮ.

ಇನ್ನು ದೂರು. 4 ದಿನ ಅಂದವರು 11 ದಿನ ತಗೊಂಡರು. ಅದು ಹೋಗಲಿ. ಬ್ಲಾಕನ್ನು ಸುಮ್ನೆ ಡೀಸೆಲ್‌ನಲ್ಲಿ ತೊಳೆದು ಕೊಟ್ಟಿದ್ದರು. ಮನೆಯಲ್ಲಿ ಆಯಿಲ್ ಹೋಗುವ ದಾರಿಗೆ ಉದ್ದನೆಯ ಬ್ರಷ್ ಹಾಕಿದರೆ ಲೋಹದ ಪುಡಿ ಬಂತು. ಹಾಗೇ ಜೋಡಿಸಿದ್ದರೆ ಹೊಸ ಬೇರಿಂಗೂ ಹೋಗುತ್ತಿತ್ತು, ಅಲ್ವಾ? ಫೋನ್ ಮಾಡಿದೆ. "ವಾಪಸ್ ತರ್ರಿ, ತೊಳದು ಕೊಡ್ತೀವಿ" ಅಂದರು. ಬೇಡ ಅಂತ ಸೋಪು ನೀರಿನಲ್ಲಿ ನಾನೇ ಎರಡು ಸಲ ತೊಳೆದೆ.

ಟರ್ಬೊ ಬ್ಯಾಲೆನ್ಸಿಂಗ್ (ಅದರ ಚಕ್ರ ಅದುರದಂತೆ ತೂಕ ಸರಿದೂಗಿಸುವ ಕೆಲಸ) ಅವರಲ್ಲಿಲ್ಲ, ಹೈದರಾಬಾದಿಗೆ ಕಳಿಸಿದೆ. ಕ್ರ್ಯಾಂಕ್ ಗ್ರೈಂಡಿಂಗಿಗೆ ಮಾತ್ರ ಮತ್ತೆ ಇಲ್ಲಿಗೇ ಹೋಗುತ್ತೇನೆ, ಬ್ರಷ್ ಜೊತೆಗಿಟ್ಟುಕೊಂಡು.