ಹೋಮ್ ನರ್ಸ್, ಹಿರಿಯರ ಮನೆ, ಪಕ್ಕದ ಕೇರಿಯ ಅಕ್ಕ: ಆರು ವಾರದಲ್ಲಿ ಮೂರನ್ನೂ ನೋಡಿದೆವು

ಮೊದಲೇ ಹೇಳಿಬಿಡುತ್ತೇನೆ, ಅತ್ತೆಯನ್ನು ನೋಡಿಕೊಳ್ಳಲು ನನ್ನ ಓಟು ಪಕ್ಕದ ಕೇರಿಯಿಂದ ಹಗಲು ಹೊತ್ತು ಬರುವ ಅಕ್ಕನಿಗೆ. ಉಳಿದ ಎರಡನ್ನೂ ದುಡ್ಡು ಕಳೆದುಕೊಂಡೇ ನೋಡಿದ್ದು.

ನಾವಿರುವುದು ಕುಮಟಾದಲ್ಲಿ. ಅತ್ತೆಗೆ 78 ವರ್ಷ, ಪಾರ್ಕಿನ್ಸನ್ (ಕೈಕಾಲು ನಡುಗಿ ಮೈ ಬಿಗಿಯುವ ಕಾಯಿಲೆ) ಶುರುವಾಗಿ ಎಂಟು ವರ್ಷ ಆಯಿತು. ಎಬ್ಬಿಸುವುದು, ಸ್ನಾನ, ಊಟ ಎಲ್ಲ ನಾನೇ ಮಾಡುತ್ತಿದ್ದೆ. ಹೋದ ವರ್ಷ ನನಗೇ ಗರ್ಭಕೋಶದ ಆಪರೇಷನ್ ಆಯಿತು. ಆರು ವಾರ ತುಂಬಿದ ಕೊಡ ಕೂಡ ಎತ್ತಬೇಡಿ ಅಂದರು ಡಾಕ್ಟರು. ಕೊಡ ಬಿಡಿ, ಅತ್ತೆಯನ್ನು ಎತ್ತುವವರು ಯಾರು? ನಮ್ಮ ಮನೆಯವರು ಏಳೂವರೆಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ಸಂಜೆ ಆರಕ್ಕೆ.

ಮೊದಲು ತರಿಸಿದ್ದು ಏಜೆನ್ಸಿಯಿಂದ ಹೋಮ್ ನರ್ಸ್. ತಿಂಗಳಿಗೆ 27,000, ಮೇಲಿಂದ ನೋಂದಣಿ ಅಂತ 3,000, ಅದು ವಾಪಸ್ ಇಲ್ಲ. ಹೋಮ್ ನರ್ಸ್ ಅಂದರೆ ನರ್ಸಿಂಗ್ ಕಲಿತವರು ಅಂದುಕೊಳ್ಳಬೇಡಿ. ಹೆಚ್ಚಿನವರು ಒಂದಿಷ್ಟು ದಿನ ತರಬೇತಿ ಪಡೆದವರು, ಕೆಲವರಿಗೆ ಅದೂ ಇಲ್ಲ. ನಮಗೆ ಮೊದಲು ಬಂದ ಹುಡುಗಿ ಒಳ್ಳೆಯವಳೇ, ಆದರೆ ಹನ್ನೆರಡು ದಿನಕ್ಕೆ ಊರಿಗೆ ಹೋದವಳು ಬರಲಿಲ್ಲ. ಎರಡನೆಯವಳು ಐದು ದಿನ ಇದ್ದಳು, ಅದರಲ್ಲಿ ಅರ್ಧ ಫೋನಿನಲ್ಲೇ ಕಳೆದಳು. ಪೇಷಂಟಿನ ಕೆಲಸ ಬಿಟ್ಟು ಬೇರೆ ಮಾಡುವಂತಿಲ್ಲ ಅನ್ನುವುದು ಅವರ ನಿಯಮ. ಹಾಗಾಗಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ನಾನು ಎದ್ದು ಅವಳಿಗೂ ಸೇರಿಸಿ ಅಡುಗೆ ಮಾಡಿದೆ. ಸಾಕಲ್ವಾ?

ಆಮೇಲೆ ಹುಬ್ಬಳ್ಳಿ ಕಡೆಯ ಒಂದು ಹಿರಿಯರ ಮನೆ. ಹದಿನೈದು ದಿನದ ಮಟ್ಟಿಗೂ ಸೇರಿಸಿಕೊಳ್ಳುತ್ತಾರೆ, ದಿನಕ್ಕೆ 1,400. ಘಟ್ಟ ಹತ್ತಿ ಹೋಗಲು ನಾಲ್ಕು ತಾಸು. ಸುಮ್ನೆ ಬೈಯುವುದಿಲ್ಲ, ಜಾಗ ಚೆನ್ನಾಗಿತ್ತು. ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು, ಎತ್ತರದ ಕಮೋಡು, ಸಂಜೆ ಭಜನೆ, ಮಾತಿಗೆ ಜನ. ಮೊದಲ ದಿನ ಫೋನಿನಲ್ಲಿ ಅತ್ತೆಯ ದನಿ ಕೇಳಿ ನನಗೇ ಹೊಟ್ಟೆಕಿಚ್ಚಾಯಿತು. ಊಟ ಮಾತ್ರ ಪೂರ್ತಿ ಸಸ್ಯಾಹಾರ. ಕುಮಟೆಯವರಿಗೆ ಮೀನಿಲ್ಲದ ಊಟ ಹದಿನೈದು ದಿನ! ಅದನ್ನೂ ಸಹಿಸಿಕೊಳ್ಳುತ್ತಿದ್ದರು.

ಕೆಟ್ಟದ್ದು ಮಾತ್ರೆಯಲ್ಲಿ. ಅತ್ತೆ ತೆಗೆದುಕೊಳ್ಳುವುದು ಸಿಂಡೋಪಾ, ಒಳಗಿರುವ ಮುಖ್ಯ ಔಷಧಿ ಲೆವೊಡೋಪಾ. ದಿನಕ್ಕೆ ಐದು ಸಲ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಬಿಪಿ ಮಾತ್ರೆ ಅರ್ಧ ತಾಸು ಆಚೀಚೆ ಆದರೆ ನಡೆಯುತ್ತದೆ. ಇದು ಹಾಗಲ್ಲ. ತಡವಾದರೆ ಹಿಂದಿನ ಮಾತ್ರೆಯ ಬಲ ಇಳಿದು ಮೈ ಮರಗಟ್ಟಿದ ಹಾಗಾಗುತ್ತದೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗುವುದಿಲ್ಲ. ಇನ್ನೊಂದು ತೊಂದರೆ, ಹಾಲು, ಬೇಳೆ, ಮೊಟ್ಟೆ, ಮೀನಿನ ಪ್ರೋಟೀನು ಈ ಔಷಧಿಯ ಜೊತೆ ಪೈಪೋಟಿಗೆ ಬೀಳುತ್ತದೆ, ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಅದಕ್ಕೇ ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲದಿದ್ದರೆ ಊಟವಾಗಿ ಒಂದು ತಾಸಿಗೂ ಹೆಚ್ಚು ಬಿಟ್ಟು ಕೊಡಬೇಕು. ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಚೀಲಕ್ಕೆ ಅಂಟಿಸಿ ಕಳಿಸಿದ್ದೆ.

ಅಲ್ಲಿ ಎಲ್ಲರ ಮಾತ್ರೆಯನ್ನೂ ಒಂದು ಟ್ರೇಯಲ್ಲಿಟ್ಟುಕೊಂಡು ತಿಂಡಿ, ಊಟ ಆದ ಮೇಲೆ ಹಂಚುತ್ತಾರೆ. ಬೆಳಗಿನ ಮಾತ್ರೆ ಹಾಲು ಹಾಕಿದ ಚಹಾದ ಜೊತೆ. ಹತ್ತರದ್ದು ಎಂಟೂವರೆಗೆ, ಉಪ್ಪಿಟ್ಟು ತಿಂದ ಮೇಲೆ. ಎರಡರದ್ದು ಒಂದೂಕಾಲಿಗೆ, ಅನ್ನ ಸಾರಿನ ಹಿಂದೆಯೇ. ಸಂಜೆ ಆರರದ್ದು ರಾತ್ರಿ ಊಟದ ತನಕ ಇಲ್ಲವೇ ಇಲ್ಲ.

ಆರನೇ ದಿನ, ಭಾನುವಾರ, ನಮ್ಮ ಮನೆಯವರು ನೋಡಲು ಹೋದರು. ಅತ್ತೆ ಕುರ್ಚಿಯಲ್ಲಿ ಕೊರಡಿನ ಹಾಗೆ ಕೂತಿದ್ದರಂತೆ, ಬಾಯಿಂದ ಜೊಲ್ಲು ಸೋರುತ್ತಿತ್ತು, ಮಗನನ್ನು ನೋಡಿ ಕಣ್ಣು ಮಾತ್ರ ಹೊರಳಿತು. ಅಲ್ಲಿಯವರು "ಅಜ್ಜಿ ಎರಡು ದಿನದಿಂದ ಸ್ವಲ್ಪ ಹಟ ಮಾಡ್ತಿದ್ದಾರೆ ಸರ್, ಎಬ್ಬಿಸಿದ್ರೆ ಏಳೋದಿಲ್ಲ" ಅಂದರು. ಹಟ! ಚಾರ್ಟು ತೆಗೆದು ನೋಡಿದರೆ ಎಲ್ಲ ಖಾನೆಗೂ ಟಿಕ್ ಬಿದ್ದಿದೆ. ಮಾತ್ರೆ ಒಂದೂ ತಪ್ಪಿರಲಿಲ್ಲ, ಹೊತ್ತು ಎಲ್ಲವೂ ತಪ್ಪಿತ್ತು.

ಡಾಕ್ಟರ ಚೀಟಿ ಬೇಕು ಅಂದರು. ವಾಟ್ಸಾಪಿನಲ್ಲಿ ಕಳಿಸಿದೆವು. ಎರಡು ದಿನ ಸರಿಹೋಯಿತು. ಡ್ಯೂಟಿ ಬದಲಾದ ಕೂಡಲೇ ಮತ್ತೆ ಟ್ರೇ. ಒಂಬತ್ತನೇ ದಿನ ಕರೆದುಕೊಂಡು ಬಂದೆವು, ಹದಿನೈದು ದಿನಕ್ಕೆ ಅಂತ ಮೊದಲೇ ಕಟ್ಟಿದ್ದರಲ್ಲಿ ಆರು ದಿನದ 8,400 ಹೋಯಿತು. ನಿಮ್ಮ ಮನೆಯ ಹಿರಿಯರಿಗೆ ಬರೀ ಬಿಪಿ, ಶುಗರ್ ಇದ್ದರೆ ಆ ಜಾಗ ಸಾಕು. ಪಾರ್ಕಿನ್ಸನ್ ಇದ್ದರೆ ಕೋಣೆ ನೋಡುವ ಮೊದಲು "ನಮ್ಮ ಗಂಟೆಗೆ ಮಾತ್ರೆ ಕೊಡ್ತೀರಾ, ರಾತ್ರಿ ಪಾಳಿಯವರಿಗೂ ಗೊತ್ತಿರ್ತದಾ" ಅಂತ ಕೇಳಿ.

ಇನ್ನು ಅಕ್ಕ. ದಿನಕ್ಕೆ 600, ಬೆಳಿಗ್ಗೆ ಏಳರಿಂದ ಸಂಜೆ ಆರೂಕಾಲಿನವರೆಗೆ. ಏಳನೇ ತರಗತಿ ಓದಿದವಳು, ತರಬೇತಿ ಏನೂ ಇಲ್ಲ, ಅದಕ್ಕೇ ಮೊದಲು ಅವಳನ್ನು ಕೇಳಿರಲಿಲ್ಲ. ಐದು ಖಾನೆಯ ಡಬ್ಬಿಯನ್ನು ರಾತ್ರಿ ನಾನು ತುಂಬಿಡುತ್ತೇನೆ. ಅವಳ ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ, ಅವಳು ಅದಕ್ಕೆ ಯಕ್ಷಗಾನದ ಚೆಂಡೆ ಹಾಕಿಸಿಕೊಂಡಳು. ಈಗ ಚೆಂಡೆ ಬಡಿದರೆ ಅತ್ತೆ ತಾವಾಗಿಯೇ ಬಾಯಿ ತೆರೆಯುತ್ತಾರೆ. ಬೆಳಗಿನದ್ದು, ರಾತ್ರಿಯದ್ದು ಮಗನ ಪಾಲಿಗೆ.

ಪ್ರೋಟೀನು ಜಾಸ್ತಿ ಇರುವುದನ್ನು ರಾತ್ರಿಗೆ ಇಟ್ಟುಕೊಳ್ಳಿ ಅಂದಿದ್ದರು ಡಾಕ್ಟರು. ಇದನ್ನು ಅಕ್ಕನಿಗೆ ಒಂದು ಸಲ ಹೇಳಿದ್ದು ಅಷ್ಟೇ. ಮಧ್ಯಾಹ್ನ ಗಂಜಿ, ಪಲ್ಯ. ಬಂಗಡೆ ಸಾರು ಮಾಡಿ ರಾತ್ರಿಗೆ ಮುಚ್ಚಿಟ್ಟು ಹೋಗುತ್ತಾಳೆ. ಹೊಸ್ತಿಲ ಹತ್ತಿರ ಅತ್ತೆಯ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಎಳೆದರೆ ಬೀಳುತ್ತಾರೆ. ನೆಲಕ್ಕೆ ಬಣ್ಣದ ಟೇಪು ಅಂಟಿಸಿ, "ಅಮ್ಮಾ, ಇದನ್ನ ದಾಟಿ, ಒಂದು... ಎರಡು..." ಅಂತ ಅವಳು ಎಣಿಸಿದರೆ ಕಾಲು ಏಳುತ್ತದೆ. ಟೇಪಿನ ಉಪಾಯ ಫಿಸಿಯೋಥೆರಪಿಯವರದ್ದು, ಎಣಿಸುವ ತಾಳ್ಮೆ ಅವಳದ್ದು.

ತೊಂದರೆ ಇಲ್ಲ ಅಂತಲ್ಲ. ಬಂಡಿಹಬ್ಬಕ್ಕೆ ತವರಿಗೆ ಹೋದರೆ ಮೂರು ದಿನ ಇಲ್ಲ. ರಾತ್ರಿ ನಿಲ್ಲುವುದಿಲ್ಲ. ಇಂಜೆಕ್ಷನ್, ಟ್ಯೂಬು ಇರುವ ರೋಗಿಗೆ ಇವಳಂಥವರು ಸಾಲುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, 70 ದಾಟಿದವರ ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾದರೆ ಮಾತ್ರ, ಮನೆಯಲ್ಲಿ ನೋಡಿಕೊಳ್ಳುವವರ ಸಂಬಳಕ್ಕೆ ಇಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ಬರುವವರಿಗೆ ತಿಂಗಳಿಗೆ 1,200, ಅಂದರೆ ಅಕ್ಕನ ಎರಡು ದಿನ. ಹಿರಿಯರ ಸಹಾಯವಾಣಿ 14567ಕ್ಕೆ ಫೋನು ಪುಕ್ಕಟೆ, ವಿಚಾರಿಸಲು ಅಡ್ಡಿ ಇಲ್ಲ.

ನನ್ನ ಆರು ವಾರ ಮುಗಿದು ತಿಂಗಳುಗಳಾದವು, ಅಕ್ಕನನ್ನು ಬಿಟ್ಟಿಲ್ಲ. ಈಗ ವಾರಕ್ಕೆ ಮೂರು ದಿನ ಬರುತ್ತಾಳೆ, ಆ ಮೂರು ದಿನ ನಾನು ಮಧ್ಯಾಹ್ನ ಮಲಗುತ್ತೇನೆ. ಜೂನಿನಲ್ಲಿ ನಟ್ಟಿ ಶುರುವಾದರೆ ಎಂಟು ದಿನ ಗದ್ದೆ ಬಿಟ್ಟು ಬರುವುದಿಲ್ಲ ಅಂತ ಈಗಲೇ ಹೇಳಿಟ್ಟಿದ್ದಾಳೆ. ಅಂಕೋಲೆಯ ನಾದಿನಿಗೆ ಫೋನು ಮಾಡಿ ಆ ಎಂಟು ದಿನ ಬಂದಿರು ಅಂತ ಕೇಳಿದ್ದೇನೆ. ಚೆಂಡೆಯ ಅಲಾರಂ ಅವಳ ಫೋನಿಗೂ ಹಾಕಬೇಕು.