ಹಿಮ್ಮಡಿ ಸವೆದವರಿಗೆ ಯಾವುದು ವಾಸಿ: ಫೋಮ್ ಸೋಲ್, ಸಿಲಿಕಾನ್ ಕಪ್, ಟೇಪ್, ಎಂಸಿಆರ್

ಹಿಮ್ಮಡಿ ನೋವು ಅಂದ ಕೂಡಲೇ ದಾವಣಗೆರೆಯಲ್ಲಿ ಯಾರನ್ನು ಕೇಳಿದರೂ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು ಅನ್ನುತ್ತಾರೆ. ಆದರೆ ಹಿಮ್ಮಡಿ ನೋವೆಲ್ಲ ಒಂದೇ ಅಲ್ಲ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗಲೇ ಜೀವ ಹೋದಂತಾಗಿ, ಆಮೇಲೆ ಓಡಾಡುತ್ತಾ ಸಡಿಲವಾಗುವುದು ಒಂದು ಬಗೆ. ಅದನ್ನು ಪ್ಲಾಂಟರ್ ಫೇಶಿಯೈಟಿಸ್ ಅಂತಾರೆ, ಅದು ಹಿಮ್ಮಡಿಯ ಒಳಮಗ್ಗುಲಿಗೆ ಸ್ವಲ್ಪ ಮುಂದೆ ನೋಯುತ್ತದೆ. ನನ್ನದು ಬೇರೆ, ಹಿಮ್ಮಡಿಯ ಮೆತ್ತೆ ಸವೆದದ್ದು. ಬೆಳಗ್ಗೆ ಆರಾಮ, ನಿಂತಷ್ಟೂ ಜಾಸ್ತಿ. ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಮೂಳೆಯೇ ಕೈಗೆ ಸಿಗುತ್ತದೆ.

ಹಿಮ್ಮಡಿ ಮೂಳೆಯ ಕೆಳಗೆ 1ರಿಂದ 2 ಸೆಂ.ಮೀ. ದಪ್ಪದ ಕೊಬ್ಬಿನ ಮೆತ್ತೆ ಇರುತ್ತದೆ, ಕೊಬ್ಬು ಸಣ್ಣ ಸಣ್ಣ ಖಾನೆಗಳಲ್ಲಿ ಕೂತಿರುತ್ತದೆ. 40 ದಾಟಿದ ಮೇಲೆ ಆ ಖಾನೆಗಳ ಗೋಡೆ ಸಡಿಲವಾಗುತ್ತಾ ಹೋಗಿ, ಹಳೇ ಗಾದಿಯ ಹತ್ತಿ ಮಗ್ಗುಲಿಗೆ ಸರಿಯುವ ಹಾಗೆ ಕೊಬ್ಬು ಬದಿಗೆ ಸರಿದು ನಡುವೆ ತೆಳುವಾಗುತ್ತದೆ. ಸಕ್ಕರೆ ಕಾಯಿಲೆ, ಸಂಧಿವಾತ ಇದ್ದವರಿಗೆ, ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಮೇಲಿಂದ ಮೇಲೆ ತಗೊಂಡವರಿಗೆ ಇದು ಬೇಗ ಬರಬಹುದು. ಸವೆದದ್ದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ನಮ್ಮೂರಿನ ಬೆಣ್ಣೆ ದೋಸೆಯ ಕೊಬ್ಬೆಲ್ಲ ಹೊಟ್ಟೆಗೇ ಹೋಗುತ್ತದೆ, ಹಿಮ್ಮಡಿಯ ಪಾಲಿಗೆ ಬರುವುದು ಆ ಭಾರ ಮಾತ್ರ!

ನಾನು ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವನು. ಚಪ್ಪಲಿ ಹೊರಗೇ ಬಿಡಬೇಕು, ಒಳಗೆ ಗ್ರಾನೈಟ್, ದಿನವಿಡೀ ನಿಂತೇ ಸೀರೆ ಬಿಚ್ಚಿ ತೋರಿಸುವುದು. ಮನೆಗೆ ಬಂದರೆ ಟೈಲ್ಸ್. ಅಂದರೆ ಕಾಲಲ್ಲಿ ಚಪ್ಪಲಿ ಇರುವುದು ದಾರಿಯಲ್ಲಿ ಮಾತ್ರ. ಹಾಗಾಗಿ ಯಾವುದು ಎಷ್ಟು ಮೆತ್ತಗಿದೆ ಅನ್ನುವುದಕ್ಕಿಂತ ಬರಿಗಾಲಿನ ಜಾಗದಲ್ಲಿ ಯಾವುದು ನಡೆಯುತ್ತದೆ ಅಂತ ನೋಡಿಯೇ ಇವನ್ನು ಅಳೆದಿದ್ದೇನೆ.

ಮೆಮೊರಿ ಫೋಮ್ ಸೋಲ್ ಅಂಗಡಿಯಲ್ಲಿ ಕೈಯಿಂದ ಒತ್ತಿದರೆ ಸ್ವರ್ಗ. ಮೈಭಾರ ಬಿದ್ದ ಮೇಲೆ ಚಪ್ಪಟೆಯಾಗಿ ಕೂತುಬಿಡುತ್ತದೆ, ಹಿಮ್ಮಡಿ ಮತ್ತೆ ನೆಲಕ್ಕೇ. ದುಡ್ಡು ದಂಡ. ಪಾದ ಪೂರ್ತಿ ಬರುವ ಜೆಲ್ ಸೋಲ್ ಅದಕ್ಕಿಂತ ಮೇಲು, ಆದರೆ ಶೂ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಕಾಲು ಬೆವರುತ್ತದೆ. ಎರಡಕ್ಕೂ ಶೂ ಬೇಕೇ ಬೇಕು.

ಸಿಲಿಕಾನ್ ಹೀಲ್ ಕಪ್‌ಗೆ 300 ರೂಪಾಯಿ ಒಳಗೇ ಆಯಿತು. ಇದರಲ್ಲಿ ಮುಖ್ಯ ಅದರ ಅಂಚು. ಬಟ್ಟಲಿನ ಆಕಾರದಲ್ಲಿ ಅಂಚು ಎದ್ದಿದ್ದರೆ ಬದಿಗೆ ಸರಿದ ಕೊಬ್ಬನ್ನು ಮತ್ತೆ ಮೂಳೆಯ ಕೆಳಗೆ ಕೂಡಿಸಿ ಹಿಡಿಯುತ್ತದೆ. ಚಪ್ಪಟೆ ಪ್ಯಾಡ್ ಕೊಟ್ಟು ಎರಡೂ ಒಂದೇ ಸಾರ್ ಅಂದರೆ ತಗೋಬೇಡಿ. ಇದೇ ಜೆಲ್ಲನ್ನು ಕಾಲುಚೀಲದ ಹಾಗೆ ಹಿಮ್ಮಡಿಗೆ ಏರಿಸಿಕೊಳ್ಳುವ ಬಗೆಯೂ ಸಿಗುತ್ತದೆ. ನಾನು ಅಂಗಡಿಯಲ್ಲಿ ಹಾಕುವುದು ಅದನ್ನೇ, ಮೇಲೊಂದು ಕಾಟನ್ ಸಾಕ್ಸ್. ದಿನಾ ರಾತ್ರಿ ಸೋಪು ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಧೂಳು ಮೆತ್ತಿಕೊಂಡು ಅಂಟಂಟು. ನೆಲ ಒರೆಸಿದ ಹೊತ್ತಲ್ಲಿ ಸಾಕ್ಸ್ ಜಾರುತ್ತದೆ, ಹುಷಾರು.

ನೋವು ತಕ್ಷಣ ತಗ್ಗಿಸಿದ್ದು ಯಾವುದು ಅಂತ ಕೇಳಿದರೆ ಚರ್ಮಕ್ಕೆ ಅಂಟಿಸುವ ಟೇಪ್. ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟರು. ಹಿಮ್ಮಡಿಯ ಎರಡೂ ಬದಿಯ ಮಾಂಸವನ್ನು ಬೆರಳಿಂದ ನಡುವಿಗೆ ಒತ್ತಿ ಹಿಡಿದು, ಹಿಂದಿನಿಂದ ಸುತ್ತಿ ಒಂದು ಪಟ್ಟಿ, ಅಡಿಯಿಂದ ಮೇಲಕ್ಕೆ ಎಳೆದು ಒಂದು ಪಟ್ಟಿ, ಹೀಗೆ ಒಂದರ ಮೇಲೊಂದು ಅರ್ಧರ್ಧ ಕೂರುವಂತೆ ಹಾಕುತ್ತಾ ಬಂದರೆ ಕೊಬ್ಬು ಅಲ್ಲೇ ನಿಲ್ಲುತ್ತದೆ. ಎದ್ದು ನಿಂತ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಬೆಳಗ್ಗೆ ಕೆಲಸಕ್ಕೆ ಓಡುವ ಹೊತ್ತಲ್ಲಿ ಬಗ್ಗಿಕೊಂಡು ಯಾರು ಸುತ್ತುತ್ತಾ ಕೂರುತ್ತಾರೆ? ಸ್ನಾನ ಮಾಡಿದರೆ ಬಿಚ್ಚಿಕೊಳ್ಳುತ್ತದೆ, ಚರ್ಮ ಕೆಂಪಾಗಿ ಕಡಿಯುತ್ತದೆ. ನನ್ನ ಲೆಕ್ಕದಲ್ಲಿ ಇದು ಮದುವೆ ಸೀಸನ್ನಿನ ರಶ್ ದಿನಗಳಿಗೆ.

ಕೊನೆಗೆ ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರ್ ಚಪ್ಪಲಿ. ನೋಡಲು ಏನೂ ಚೆಂದವಿಲ್ಲ. ವೆಲ್ಲೂರು ಕಡೆ ಕುಷ್ಠರೋಗಿಗಳ ಕಾಲಿಗಾಗಿ ರೂಢಿಗೆ ಬಂದ ರಬ್ಬರ್ ಇದು, ಈಗ ಸಕ್ಕರೆ ಕಾಯಿಲೆಯವರಿಗೂ ಡಾಕ್ಟರು ಇದನ್ನೇ ಬರೆಯುತ್ತಾರೆ. ಹೆಬ್ಬೆರಳಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಪೂರ್ತಿ ಮೇಲೆ ಬರಬೇಕು. ಬರೀ ಹೆಸರಿಗೆ ಎಂಸಿಆರ್ ಅಂತ ಗಟ್ಟಿ ಸೋಲ್ ಮಾರುವವರೂ ಇದ್ದಾರೆ, ಒತ್ತಿ ನೋಡದೆ ತರಬೇಡಿ. ನಾನು ಒಂದು ಜೊತೆಯನ್ನು ಮನೆಯೊಳಗೆ ಅಂತಲೇ ಇಟ್ಟಿದ್ದೇನೆ, ಅದು ಹೊಸ್ತಿಲು ದಾಟುವುದಿಲ್ಲ. "ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀಯೇನೋ?" ಅಂತ ಅಮ್ಮ ಮುಖ ಸಿಂಡರಿಸಿದ್ದು ನಿಜ. ಅಡುಗೆಮನೆ, ದೇವರ ಮನೆಗೆ ಹಾಕುವುದಿಲ್ಲ ಅಂತ ಒಪ್ಪಂದವಾಯಿತು. ಒಟ್ಟಾರೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ರಾತ್ರಿ ಮಲಗುವಾಗ ಹಿಮ್ಮಡಿ ಮಿಡಿಯುವುದು ನಿಂತಿತು ಅಂದರೆ ಈ ಚಪ್ಪಲಿಯಿಂದ.

ಉಪ್ಪುನೀರು ಹಿತ, ಅಷ್ಟೇ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಬಿಸಿನೀರಿಗೂ ಟೇಪಿಗೂ ಡಾಕ್ಟರನ್ನು ಕೇಳದೆ ಕೈ ಹಾಕಬೇಡಿ, ಸುಟ್ಟದ್ದು ಸುಲಿದದ್ದು ಗೊತ್ತೇ ಆಗುವುದಿಲ್ಲ. ಹೊಟ್ಟೆಯ ಕೊಬ್ಬು ತೆಗೆದು ಪಾದಕ್ಕೆ ತುಂಬುವ ಚಿಕಿತ್ಸೆಯೂ ಇದೆ, ಪ್ಲಾಸ್ಟಿಕ್ ಸರ್ಜನ್‌ಗಳು ಮಾಡುತ್ತಾರೆ. ನನಗೆ ಇನ್ನೂ ಅಷ್ಟು ದೂರ ಹೋಗುವ ಗತಿ ಬಂದಿಲ್ಲ.

ಚಿತ್ರದುರ್ಗದಲ್ಲಿರುವ ಅಕ್ಕನಿಗೂ ಇದೇ ತೊಂದರೆ, ಆದರೆ ಮೆತ್ತೆ ಸವೆದಿರುವುದು ಮುಂಗಾಲಿನಲ್ಲಿ, ಬೆರಳುಗಳ ಬುಡದ ಹಿಂದೆ. ನನ್ನ ಹೀಲ್ ಕಪ್ ಹಾಕಿ ನೋಡಿದಳು, ನೋವು ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಹಿಮ್ಮಡಿ ಎತ್ತರವಾದರೆ ಭಾರ ಮುಂದಕ್ಕೆ ಬೀಳುತ್ತದಲ್ವಾ. ಅವಳಂಥವರಿಗೆ ಬೇಕಾದದ್ದು ಮೆಟಟಾರ್ಸಲ್ ಪ್ಯಾಡ್, ಅಂದರೆ ಮುಂಗಾಲಿಗೆ ಆಸರೆ ಕೊಡುವ ಸಣ್ಣ ಮೆತ್ತೆ. ಅದನ್ನು ನೋಯುವ ಜಾಗದ ಮೇಲೆ ಅಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ ಕೂರಿಸಬೇಕು.