ಕೈಯ ಸೂಜಿ, ಪಿಕ್ ಲೈನ್, ಕೀಮೋ ಪೋರ್ಟ್: ಮೂರನ್ನೂ ಹಾಕಿಸಿಕೊಂಡ ಮೇಲೆ

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ನಾನು ಮೂರು ಬಗೆಯಲ್ಲಿ ಕೀಮೋ ತೆಗೆದುಕೊಂಡಿದ್ದೇನೆ. ಮೊದಲು ಕೈಯ ನರಕ್ಕೆ (ರಕ್ತನಾಳಕ್ಕೆ) ಚುಚ್ಚುವ ಕ್ಯಾನುಲಾ, ಆಮೇಲೆ ತೋಳಿನಿಂದ ಒಳಗೆ ತೂರಿಸುವ ಉದ್ದ ಕೊಳವೆ, ಅಂದರೆ ಪಿಕ್ ಲೈನ್, ಈಗ ಎದೆಯ ಚರ್ಮದಡಿ ಇಡುವ, ಕೊಳವೆ ಜೋಡಿಸಿದ ಪುಟ್ಟ ಡಬ್ಬಿ, ಅಂದರೆ ಪೋರ್ಟ್. ಪೋರ್ಟ್ ಅಂದ ಕೂಡಲೇ "ಇನ್ನೊಂದು ಆಪರೇಷನ್ನಾ?" ಅಂತ ಹೆದರುವವರನ್ನು ಮಂಗಳೂರಿನ ಡೇ ಕೇರ್ ವಾರ್ಡಿನಲ್ಲಿ ತುಂಬ ನೋಡಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ಯಾನುಲಾ ಒಂದೆರಡು ಸಲದ ಔಷಧಿಗೆ ಸಾಕು. ಆದರೆ ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೈಯ ಸಣ್ಣ ನರದಲ್ಲಿ ಹೋಗುವಾಗ ಮೊಣಕೈವರೆಗೆ ಉರಿ, ಸೆಳೆತ. ಮುಂದಿನ ಸಲ ಸಿಸ್ಟರ್ ಎರಡೂ ಕೈ ತಟ್ಟಿ ತಟ್ಟಿ ನರ ಹುಡುಕಬೇಕಾಯಿತು. ನನ್ನ ಇನ್ನೊಂದು ಔಷಧಿ, ಫೈವ್ ಎಫ್‌ಯು, 46 ಗಂಟೆ ಬಿಡದೆ ಹೋಗಬೇಕು. ಪಂಪ್ ಕಟ್ಟಿ ಮನೆಗೆ ಕಳಿಸುತ್ತಾರೆ. ಕೈಯ ಸೂಜಿ ನಂಬಿ ಹಾಗೆ ಕಳಿಸಲು ಆಗುವುದಿಲ್ಲ.

ಹಾಗಾಗಿ ಆಯ್ಕೆ ಉಳಿಯುವುದು ಪಿಕ್ ಮತ್ತು ಪೋರ್ಟ್ ನಡುವೆ. ಎರಡರ ಒಳತುದಿಯೂ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲೇ ಇರುತ್ತದೆ. ಅಲ್ಲಿ ರಕ್ತ ಜೋರಾಗಿ ಹರಿಯುವುದರಿಂದ ಔಷಧಿ ಕೂಡಲೇ ತೆಳುವಾಗುತ್ತದೆ. ಉರಿ ಇಲ್ಲ.

ಪಿಕ್ ಹಾಕುವುದು ಸುಲಭ. ತೋಳು ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು ಕೊಳವೆ ತೂರಿಸುತ್ತಾರೆ. ಖರ್ಚೂ ಕಡಿಮೆ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ಕೊಳವೆಯ ತುದಿ ತೋಳಿನಿಂದ ಹೊರಗೇ ಇರುತ್ತದೆ. ವಾರಕ್ಕೊಮ್ಮೆ ಡ್ರೆಸಿಂಗ್, ಫ್ಲಶ್ (ಕೊಳವೆ ಕಟ್ಟಿಕೊಳ್ಳದಂತೆ ಸಲೈನ್ ಹಾಯಿಸುವುದು) ಆಗಲೇಬೇಕು. ನಮ್ಮ ಕರಾವಳಿಯ ಸೆಕೆ ಗೊತ್ತಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ ಪ್ಲಾಸ್ಟರ್ ಅಡಿ ಬೆವರು ನಿಂತು ತುರಿಕೆ, ಅಂಚು ಎದ್ದುಬರುತ್ತಿತ್ತು. ಮಳೆ ಹಿಡಿದ ಮೇಲೆ ಹೊರಗೆ ಹೋದರೆ ಒದ್ದೆಯಾಗುವ ಹೆದರಿಕೆ. ಸ್ನಾನಕ್ಕೆ ತೋಳಿಗೆ ಪ್ಲಾಸ್ಟಿಕ್ ಸುತ್ತಬೇಕು. ಕಾಪುವಿನಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತು ಬರುವಾಗ ಯಾರ ಬ್ಯಾಗಿಗೆ ಸಿಕ್ಕಿಕೊಳ್ಳುತ್ತದೋ ಅಂತ ಜೀವ ಕೈಯಲ್ಲಿ. ಕೊನೆಗೆ ಒಂದು ದಿನ ಫ್ಲಶ್ ಮಾಡಿದ ಸ್ವಲ್ಪ ಹೊತ್ತಿಗೆ ಚಳಿ, ನಡುಕ, ಜ್ವರ. ಸೋಂಕಾಗಿದೆ ಅಂತ ಲೈನ್ ತೆಗೆದರು.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. ಕೀಮೋ ತೆಗೆದುಕೊಳ್ಳುವವರಲ್ಲಿ ಇಂಥ ಲೈನ್‌ಗಳನ್ನು ಹೋಲಿಸಿ ನೋಡಿದ ಬ್ರಿಟನ್ನಿನ 'ಕಾವಾ' ಪ್ರಯೋಗದ ಫಲಿತಾಂಶ 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪಿಕ್ ಹಾಕಿಸಿಕೊಂಡವರಲ್ಲಿ ಶೇ. 47 ಮಂದಿಗೆ ಏನಾದರೊಂದು ತೊಡಕು ಬಂದಿತ್ತು. ಪೋರ್ಟ್ ಇದ್ದವರಲ್ಲಿ ಶೇ. 32. ಅಂದರೆ ಪೋರ್ಟ್‌ನಲ್ಲೂ ಸೋಂಕು ಆಗಬಹುದು, ರಕ್ತ ಹೆಪ್ಪುಗಟ್ಟಬಹುದು. ಇದು ಗೊತ್ತಿದ್ದೇ ಹಾಕಿಸಿಕೊಂಡೆ.

ನಾಣ್ಯದಷ್ಟು ಅಗಲದ ಪುಟ್ಟ ಡಬ್ಬಿ, ಮೇಲೆ ಸಿಲಿಕಾನ್ ಮುಚ್ಚಳ. ಕಾಲರ್ ಮೂಳೆಯ ಕೆಳಗೆ ಮರಗಟ್ಟಿಸಿ ಇಟ್ಟರು. ನೋವಿಗಿಂತ ಎಳೆದಂತೆ, ಒತ್ತಿದಂತೆ ಅನಿಸಿತು. ಕುತ್ತಿಗೆ ಕೆಲವು ದಿನ ಬಿಗಿಯಾಗಿತ್ತು. ಗಾಯ ಮಾಗಿದ ಮೇಲೆ ಮಾತ್ರ ಬೇರೆಯೇ ಬದುಕು. ಹಂಡೆಯ ಬಿಸಿನೀರು ತಲೆಯಿಂದ ಹೊಯ್ದುಕೊಂಡು ಸ್ನಾನ ಮಾಡಿದೆ! ಸೂಜಿ ಇಲ್ಲದ ದಿನ ಡ್ರೆಸಿಂಗೇ ಬೇಡ. ಕೀಮೋ ಇಲ್ಲದ ತಿಂಗಳುಗಳಲ್ಲಿ ನಾಲ್ಕು ವಾರಕ್ಕೊಮ್ಮೆ ಫ್ಲಶ್ ಮಾಡಿಸಿದರೆ ಆಯಿತು. ಔಷಧಿ ಕೊಡಲು ಚರ್ಮದ ಮೇಲಿಂದ ಆ ಮುಚ್ಚಳಕ್ಕೆ ಸೂಜಿ ಚುಚ್ಚುವಾಗ ನೋವಿದೆ. ಮರಗಟ್ಟಿಸುವ ಕ್ರೀಮ್ ಒಂದು ಗಂಟೆ ಮೊದಲೇ ಹಚ್ಚಿಕೊಂಡರೆ ತಡೆಯಬಹುದು.

ಪೋರ್ಟ್ ಚುಚ್ಚಲು ಅದಕ್ಕೆಂದೇ ಮಾಡಿದ ಹ್ಯೂಬರ್ ಸೂಜಿಯೇ ಆಗಬೇಕು. ಮಾಮೂಲಿ ಸೂಜಿ ಸಿಲಿಕಾನನ್ನು ಕೊರೆದುಬಿಡುತ್ತದೆ, ಆಮೇಲೆ ಸೋರುತ್ತದೆ. ಒಂದು ರಾತ್ರಿ ಜ್ವರ ಬಂದು ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿ ಹ್ಯೂಬರ್ ಇರಲಿಲ್ಲ, ಮಾಮೂಲಿ ಸೂಜಿ ಹಿಡಿದು ಬಂದರು. ಬೇಡವೇ ಬೇಡ ಅಂತ ಹಟ ಹಿಡಿದು ಕೈಗೇ ಹಾಕಿಸಿಕೊಂಡೆ. ಈಗ ಒಂದು ಹ್ಯೂಬರ್ ಸೂಜಿ, ಪೋರ್ಟ್‌ನ ವಿವರ ಇರುವ ಕಾರ್ಡ್ ಸದಾ ಬ್ಯಾಗಿನಲ್ಲಿರುತ್ತದೆ. ನೀವೂ ಇಟ್ಟುಕೊಳ್ಳಿ.

ಕೆಲವೇ ವಾರಗಳ ಔಷಧಿಯಾದರೆ ಪಿಕ್ ಸಾಕು, ಸುಮ್ನೆ ಪೋರ್ಟ್‌ಗೆ ದುಡ್ಡು ಹಾಕಬೇಡಿ. ರಕ್ತದ ಕೌಂಟ್ ತೀರಾ ಕಡಿಮೆ ಇದ್ದಾಗ, ಮೈಯಲ್ಲಿ ಸೋಂಕು ಇದ್ದಾಗ ಡಾಕ್ಟರೇ ಪೋರ್ಟ್ ಮುಂದೂಡಬಹುದು. ತಿಂಗಳುಗಟ್ಟಲೆ ಕೀಮೋ ಇದ್ದರೆ, ಅದೂ ಈ ಊರಿನ ಸೆಕೆಯಲ್ಲಿ, ಕೈಯ ನರ ಹಾಳಾಗುವ ಮೊದಲೇ ಪೋರ್ಟ್ ಕೇಳಿ. ಖರ್ಚು ಜಾಸ್ತಿ, ತೆಗೆಸಲೂ ಸಣ್ಣ ಆಪರೇಷನ್ ಬೇಕು. ಆದರೂ ನನ್ನ ಆಯ್ಕೆ ಅದೇ.

ಹಾಕಿಸುವ ಮೊದಲು ಎರಡು ವಿಷಯ ಮಾತಾಡಿ. ಕಾರು ಓಡಿಸುವವರಿಗೆ ಸೀಟ್ ಬೆಲ್ಟ್ ಬಲ ಹೆಗಲ ಮೇಲೆ ಬರುತ್ತದೆ, ನನ್ನ ಪೋರ್ಟ್ ಇರುವುದೂ ಬಲಕ್ಕೇ. ಬೆಲ್ಟ್ ಅಡಿ ಮೆತ್ತನೆ ಬಟ್ಟೆ ಇಟ್ಟುಕೊಳ್ಳುತ್ತೇನೆ. ಇನ್ನೊಂದು, ಜೋರಾದ ಒತ್ತಡ ತಡೆಯುವ ಪವರ್ ಪೋರ್ಟ್ ಆದರೆ ಸಿಟಿ ಸ್ಕ್ಯಾನಿನ ಕಾಂಟ್ರಾಸ್ಟನ್ನೂ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧಿ) ಅದರಲ್ಲೇ ಕೊಡಬಹುದು. ಯಾವುದು ಹಾಕುತ್ತಾರೆ ಅಂತ ಮೊದಲೇ ಕೇಳಿ, ಒಳಗೆ ಇಟ್ಟ ಮೇಲೆ ಬದಲಿಸಬೇಕಾದರೆ ಮತ್ತೆ ಕೊಯ್ಯಬೇಕು.